ಮೇಲಿನ ಗಾಳಿ ಉಬ್ಬುತ್ತಿದೆಯೋ, ಕುಗ್ಗುತ್ತಿದೆಯೋ?

ಸೂರ್ಯನಲ್ಲಿ ಸ್ಫೋಟವಾಯಿತು, ಭೂಮಿಯ ಮೇಲಿನ ವಾತಾವರಣ ಉಬ್ಬಿತು, ಉಪಗ್ರಹಗಳು ಲೆಕ್ಕಕ್ಕಿಂತ ಬೇಗ ಕೆಳಗೆ ಜಾರಿದವು. ಇದು ಒಂದು ಸುದ್ದಿ. ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ಅದೇ ವಾತಾವರಣ ತಣ್ಣಗಾಗಿ ಕುಗ್ಗುತ್ತಿದೆ, ಹಾಗಾಗಿ ಬಾಹ್ಯಾಕಾಶದ ಕಸ ಬೇಗ ಬೀಳುವುದಿಲ್ಲ. ಇದು ಇನ್ನೊಂದು ಸುದ್ದಿ. ಎರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಉಬ್ಬುತ್ತಿದೆಯೋ, ಕುಗ್ಗುತ್ತಿದೆಯೋ? ನೆಲದ ಹತ್ತಿರ ಬಿಸಿ ಏರುತ್ತಿರುವಾಗ ಮೇಲೆ ತಣ್ಣಗಾಗುವುದಾದರೂ ಹೇಗೆ?

ಎರಡೂ ಸುದ್ದಿ ನಿಜ. ಮೊದಲನೆಯದು ಗಂಟೆ, ದಿನಗಳ ಲೆಕ್ಕದ್ದು. ಎರಡನೆಯದು ದಶಕಗಳ ಲೆಕ್ಕದ್ದು. ಇವೆರಡರ ನಡುವೆ ಇನ್ನೂ ಒಂದು ಏರಿಳಿತವಿದೆ. ಅದು ಋತುಗಳದ್ದು. ಸುದ್ದಿಗಳಲ್ಲಿ ಅದರ ಮಾತೇ ಬರುವುದಿಲ್ಲ. ಆದರೆ ಅದನ್ನು ಬಿಟ್ಟರೆ ಉಳಿದೆರಡೂ ಸರಿಯಾಗಿ ಅರ್ಥವಾಗುವುದಿಲ್ಲ. ಏಕೆಂದರೆ ಮೇಲಿನ ವಾತಾವರಣದಲ್ಲಿ ಋತು ಬದಲಾದರೆ ಬಿಸಿ, ಚಳಿ ಮಾತ್ರ ಬದಲಾಗುವುದಿಲ್ಲ. ಅಲ್ಲಿರುವ ಅನಿಲಗಳ ಪಾಲೇ ಬದಲಾಗುತ್ತದೆ.

ನೂರು ಕಿಲೋಮೀಟರ್‌ನ ಗಡಿ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಬೆಟ್ಟದ ತುದಿಗೆ ಹೋದರೂ ಇದೇ ಪಾಲು. ವಿಮಾನ ಹಾರುವ ಎತ್ತರದಲ್ಲೂ ಇದೇ. ಗಾಳಿ ತೆಳುವಾಗುತ್ತಾ ಹೋಗುತ್ತದೆ, ಆದರೆ ಬೆರಕೆ ಬದಲಾಗುವುದಿಲ್ಲ. ಗಾಳಿಯ ಸುಳಿಗಳು ಎಲ್ಲವನ್ನೂ ಸದಾ ಕಲಕುತ್ತಲೇ ಇರುತ್ತವೆ. ಭಾರದ ಅನಿಲ ಕೆಳಗೆ, ಹಗುರವಾದದ್ದು ಮೇಲೆ ಎಂದು ಬೇರೆಯಾಗಲು ಸಮಯವೇ ಸಿಗುವುದಿಲ್ಲ.

ಸುಮಾರು 100 ಕಿಲೋಮೀಟರ್ ದಾಟಿದ ಮೇಲೆ ಕಥೆ ಬೇರೆ. ಅಲ್ಲಿ ಗಾಳಿ ಎಷ್ಟು ತೆಳು ಎಂದರೆ ಕಲಕುವ ಸುಳಿಗಳ ಬಲ ಕುಂದುತ್ತದೆ. ಪ್ರತಿಯೊಂದು ಅನಿಲವೂ ತನ್ನ ತೂಕಕ್ಕೆ ತಕ್ಕ ಹಾಗೆ ಹರಡಿಕೊಳ್ಳುತ್ತದೆ. ಭಾರದ ಸಾರಜನಕ ಅಣುಗಳು ಕೆಳಗೇ ದಟ್ಟವಾಗಿ ಉಳಿಯುತ್ತವೆ. ಸೂರ್ಯನ ನೇರಳಾತೀತ ಕಿರಣಗಳು ಆಮ್ಲಜನಕದ ಅಣುವನ್ನು ಒಡೆದು ಎರಡು ಬಿಡಿ ಪರಮಾಣುಗಳಾಗಿ ಮಾಡುತ್ತವೆ. ಈ ಬಿಡಿ ಪರಮಾಣುಗಳು ಹಗುರ, ಹಾಗಾಗಿ ಮೇಲಕ್ಕೆ ಹರಡುತ್ತವೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಜಾಸ್ತಿ ಇರುವುದು ಈ ಒಂಟಿ ಆಮ್ಲಜನಕವೇ. ಇನ್ನೂ ಮೇಲೆ ಹೋದರೆ ಹೀಲಿಯಂ, ಆಮೇಲೆ ಜಲಜನಕ.

ಈ ಗಡಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕೆಳಗೆ ಕಲಕುವುದು ಗೆಲ್ಲುತ್ತದೆ, ಮೇಲೆ ಬೇರ್ಪಡುವುದು ಗೆಲ್ಲುತ್ತದೆ. ಮುಂದೆ ಬರುವ ಹೆಚ್ಚಿನ ವಿಷಯಗಳು ಈ ಎರಡರ ಪೈಪೋಟಿಯಿಂದಲೇ ಹುಟ್ಟುತ್ತವೆ.

ಬೇಸಿಗೆಯಿಂದ ಚಳಿಗಾಲದ ಕಡೆಗೆ

ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಜೂನ್‌ನಲ್ಲಿ ಉತ್ತರ ಗೋಳಾರ್ಧಕ್ಕೆ ಬಿಸಿಲು ಜಾಸ್ತಿ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ. ಥರ್ಮೋಸ್ಫಿಯರ್ ಎಂದು ಕರೆಯುವ ಆ ಮೇಲಿನ ಪದರದಲ್ಲಿ ಬೇಸಿಗೆಯ ಕಡೆಯ ಗಾಳಿ ಕಾಯುತ್ತದೆ, ಹಿಗ್ಗುತ್ತದೆ, ಮೇಲೇರುತ್ತದೆ. ಅಲ್ಲಿಂದ ಭೂಮಧ್ಯರೇಖೆ ದಾಟಿ ಚಳಿಗಾಲದ ಕಡೆಗೆ ಬೀಸುತ್ತದೆ. ಅಲ್ಲಿ ಕೆಳಗಿಳಿಯುತ್ತದೆ.

ಗಾಳಿ ಸುಮ್ನೆ ಹೋಗುವುದಿಲ್ಲ, ಅನಿಲಗಳನ್ನೂ ಹೊತ್ತೊಯ್ಯುತ್ತದೆ. ಬೇಸಿಗೆಯ ಕಡೆ ಏರುವ ಗಾಳಿ ಕೆಳಗಿನಿಂದ ಬರುವುದು, ಅಂದರೆ ಸಾರಜನಕ ತುಂಬಿದ ಗಾಳಿ. ಚಳಿಗಾಲದ ಕಡೆ ಇಳಿಯುವ ಗಾಳಿ ಮೇಲಿನಿಂದ ಬರುವುದು, ಅದರಲ್ಲಿ ಒಂಟಿ ಆಮ್ಲಜನಕ, ಹೀಲಿಯಂ ಜಾಸ್ತಿ. ಪರಿಣಾಮವಾಗಿ ಒಂದೇ ಎತ್ತರದಲ್ಲಿ ಅಳೆದರೂ ಬೇಸಿಗೆಯಲ್ಲಿ ಸಾರಜನಕದ ಪಾಲು ಏರಿರುತ್ತದೆ, ಚಳಿಗಾಲದಲ್ಲಿ ಆಮ್ಲಜನಕದ ಪಾಲು ಏರಿರುತ್ತದೆ. ಹೀಲಿಯಂ ಅಂತೂ ಚಳಿಗಾಲದ ಧ್ರುವದ ಕಡೆ ಗುಡ್ಡೆ ಬಿದ್ದಂತೆ ಸೇರಿಕೊಳ್ಳುತ್ತದೆ. 1960ರ ದಶಕದಲ್ಲಿ ಉಪಗ್ರಹಗಳ ಕಕ್ಷೆ ಹೇಗೆ ಕುಸಿಯುತ್ತದೆ ಎಂದು ಗಮನಿಸುತ್ತಿದ್ದವರಿಗೆ ಈ ಹೀಲಿಯಂ ಗುಡ್ಡೆ ಮೊದಲು ಗೊತ್ತಾಯಿತು.

ಇದು ರೇಡಿಯೋದವರನ್ನು ಅದಕ್ಕೂ ಮೊದಲೇ ಕಾಡಿದ ಒಂದು ಒಗಟನ್ನು ಬಿಡಿಸುತ್ತದೆ. ರೇಡಿಯೋ ಅಲೆಗಳನ್ನು ಹಿಂದಕ್ಕೆ ಬಾಗಿಸುವ ಅಯನೋಸ್ಫಿಯರ್ ಇರುವುದು ಇದೇ ಎತ್ತರದಲ್ಲಿ. ಅಲೆಗಳನ್ನು ಬಾಗಿಸುವುದು ಬಿಸಿಲು ಅಲ್ಲಿನ ಅನಿಲಗಳಿಂದ ಬಿಡಿಸಿದ ಎಲೆಕ್ಟ್ರಾನ್‌ಗಳು. ಬೇಸಿಗೆಯಲ್ಲಿ ಬಿಸಿಲು ಜಾಸ್ತಿ, ಹಾಗಾಗಿ ಎಲೆಕ್ಟ್ರಾನ್‌ಗಳೂ ಜಾಸ್ತಿಯಾಗಬೇಕು, ಅಲ್ವಾ? ಆದರೆ ಅನೇಕ ಕಡೆ ಹಗಲಿನಲ್ಲಿ ಚಳಿಗಾಲದಲ್ಲೇ ಜಾಸ್ತಿ ಇರುತ್ತವೆ. ಕಾರಣ ಬಿಸಿಲಲ್ಲ, ಬೆರಕೆ. ಎಲೆಕ್ಟ್ರಾನ್‌ಗಳು ಹುಟ್ಟುವುದು ಮುಖ್ಯವಾಗಿ ಒಂಟಿ ಆಮ್ಲಜನಕದಿಂದ. ಅವು ಇಲ್ಲವಾಗುವುದು ಸಾರಜನಕ ಮತ್ತು ಆಮ್ಲಜನಕದ ಅಣುಗಳ ಜೊತೆ ನಡೆಯುವ ಕ್ರಿಯೆಗಳಿಂದ. ಚಳಿಗಾಲದಲ್ಲಿ ಹುಟ್ಟಿಸುವವು ಜಾಸ್ತಿ, ಕಳೆಯುವವು ಕಡಿಮೆ. ಹಾಗಾಗಿ ಮಂದ ಬಿಸಿಲಿನಲ್ಲೂ ಲಾಭವೇ ಉಳಿಯುತ್ತದೆ.

ಅತಿ ಚಳಿ ಇರುವುದು ಬೇಸಿಗೆಯಲ್ಲಿ

ಥರ್ಮೋಸ್ಫಿಯರ್‌ನ ಕೆಳಗೆ, 80ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಇನ್ನೂ ವಿಚಿತ್ರವಾದ ಸಂಗತಿ ನಡೆಯುತ್ತದೆ. ಭೂಮಿಯ ವಾತಾವರಣದಲ್ಲಿ ಎಲ್ಲಕ್ಕಿಂತ ಚಳಿ ಇರುವ ಜಾಗ ಇದು. ಉಷ್ಣತೆ ಮೈನಸ್ 140 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅದೂ ಧ್ರುವದ ಬೇಸಿಗೆಯಲ್ಲಿ, ಸೂರ್ಯ 24 ಗಂಟೆಯೂ ಮುಳುಗದೆ ಇರುವಾಗ.

ಇದಕ್ಕೆ ಕಾರಣ ಕೆಳಗಿನಿಂದ ಬರುವ ಅಲೆಗಳು. ಬೆಟ್ಟಗಳ ಮೇಲೆ ಗಾಳಿ ಬೀಸಿದಾಗ, ಗುಡುಗಿನ ಮೋಡ ಏಳುವಾಗ ಗಾಳಿಯಲ್ಲಿ ಏರಿಳಿತದ ಅಲೆಗಳು ಹುಟ್ಟುತ್ತವೆ. ವಿಜ್ಞಾನಿಗಳು ಇವನ್ನು ಗುರುತ್ವದ ಅಲೆಗಳು ಎನ್ನುತ್ತಾರೆ. ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಬರುವ ಗುರುತ್ವ ತರಂಗಗಳಿಗೂ ಇವಕ್ಕೂ ಸಂಬಂಧವಿಲ್ಲ. ಈ ಅಲೆಗಳು ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಅಲೆ ದೊಡ್ಡದಾಗುತ್ತದೆ. ಕೊನೆಗೆ ದಡಕ್ಕೆ ಬಂದ ಸಮುದ್ರದ ಅಲೆಯಂತೆ ಒಡೆದುಹೋಗುತ್ತದೆ. ಒಡೆಯುವಾಗ ತನ್ನ ನೂಕುಬಲವನ್ನು ಅಲ್ಲಿನ ಗಾಳಿಗೆ ಕೊಡುತ್ತದೆ.

ಯಾವ ಅಲೆ ಮೇಲೆ ತಲುಪಬೇಕು ಎಂದು ತೀರ್ಮಾನಿಸುವುದು ನಡುವೆ ಇರುವ ಸ್ಟ್ರಾಟೋಸ್ಫಿಯರ್‌ನ, ಅಂದರೆ ಸುಮಾರು 10ರಿಂದ 50 ಕಿಲೋಮೀಟರ್ ಎತ್ತರದ ಪದರದ, ಗಾಳಿ. ಅದು ಬೇಸಿಗೆಯಲ್ಲಿ ಪೂರ್ವದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪಶ್ಚಿಮದಿಂದ. ತನ್ನ ದಿಕ್ಕಿನಲ್ಲೇ, ತನ್ನಷ್ಟೇ ವೇಗದಲ್ಲಿ ಹೋಗುವ ಅಲೆಗಳನ್ನು ಅದು ತಡೆದುಬಿಡುತ್ತದೆ, ಉಳಿದವನ್ನು ಮೇಲಕ್ಕೆ ಬಿಡುತ್ತದೆ. ಜರಡಿ ಇದ್ದ ಹಾಗೆ. ಋತು ಬದಲಾದರೆ ಜರಡಿಯೂ ಬದಲಾಗುತ್ತದೆ. ಮೇಲೆ ತಲುಪಿದ ಅಲೆಗಳ ನೂಕು ಮತ್ತು ಭೂಮಿಯ ತಿರುಗುವಿಕೆ ಸೇರಿ ಅಲ್ಲಿನ ಗಾಳಿಯನ್ನು ಬೇಸಿಗೆಯ ಧ್ರುವದಿಂದ ಚಳಿಗಾಲದ ಧ್ರುವಕ್ಕೆ ಸಾಗಿಸುತ್ತವೆ. ಬೇಸಿಗೆಯ ಧ್ರುವದಲ್ಲಿ ಖಾಲಿಯಾದ ಜಾಗಕ್ಕೆ ಕೆಳಗಿನ ಗಾಳಿ ಏರುತ್ತದೆ. ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಬಿಸಿಲು ಕೊಡುವ ಕಾವು ಇದರ ಮುಂದೆ ಸೋಲುತ್ತದೆ. ಚಳಿಗಾಲದ ಧ್ರುವದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಗಾಳಿ ಇಳಿದು ಒತ್ತಿಕೊಳ್ಳುತ್ತದೆ, ಹಾಗಾಗಿ ಬಿಸಿಲೇ ಇಲ್ಲದಿದ್ದರೂ ಬೆಚ್ಚಗಿರುತ್ತದೆ.

ಆ ಚಳಿಗೆ ಕಣ್ಣಿಗೆ ಕಾಣುವ ಸಾಕ್ಷಿಯೂ ಇದೆ. ಸುಮಾರು 83 ಕಿಲೋಮೀಟರ್ ಎತ್ತರದಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ನೀಲಿ ಬೆಳ್ಳಿಯಂತೆ ಹೊಳೆಯುವ ಮೋಡಗಳು. 1885ರಲ್ಲಿ, ಕ್ರಕಟೋವಾ ಜ್ವಾಲಾಮುಖಿ ಸ್ಫೋಟಿಸಿದ ಎರಡು ವರ್ಷದ ನಂತರ, ಇವು ಮೊದಲ ಬಾರಿಗೆ ವ್ಯಾಪಕವಾಗಿ ದಾಖಲಾದವು.

ವರ್ಷಕ್ಕೆ ಎರಡು ಸಲ ಏಕೆ?

ಈಗ ನಿಜವಾದ ಒಗಟಿಗೆ ಬರೋಣ. ಇಡೀ ಭೂಮಿಯ ಸರಾಸರಿ ತೆಗೆದುಕೊಂಡರೆ ಉತ್ತರದ ಬೇಸಿಗೆಯೂ ದಕ್ಷಿಣದ ಚಳಿಗಾಲವೂ ಒಂದಕ್ಕೊಂದು ಸರಿಹೋಗಬೇಕು. ಮೇಲಿನ ಗಾಳಿಯ ದಟ್ಟಣೆ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಇರಬೇಕು. ಹಾಗಾಗುವುದಿಲ್ಲ. 1960ರ ಸುಮಾರಿಗೆ, ಮೊದಲ ಉಪಗ್ರಹಗಳು ಹಾರಿದ ಕೆಲವೇ ವರ್ಷಗಳಲ್ಲಿ, ಇದು ಕಂಡುಬಂತು. ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ದಟ್ಟಣೆ ಏರುತ್ತದೆ. ಜನವರಿಯಲ್ಲಿ ಸ್ವಲ್ಪ ಇಳಿಯುತ್ತದೆ, ಜುಲೈನಲ್ಲಿ ಚೆನ್ನಾಗಿ ಇಳಿಯುತ್ತದೆ. ಉಪಗ್ರಹಗಳ ಎತ್ತರದಲ್ಲಿ ಜುಲೈಗೂ ಅಕ್ಟೋಬರ್‌ಗೂ ನಡುವಿನ ವ್ಯತ್ಯಾಸ ಒಂದೂವರೆ ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ.

ಜುಲೈ ಏಕೆ ಜನವರಿಗಿಂತ ಕೆಳಗೆ ಎಂಬುದಕ್ಕೆ ಒಂದು ಸುಲಭ ಉತ್ತರವಿದೆ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ದೂರ, ಸುಮಾರು 15.2 ಕೋಟಿ. ಬರುವ ಬೆಳಕಿನಲ್ಲಿ ನೂರಕ್ಕೆ 7ರಷ್ಟು ವ್ಯತ್ಯಾಸ. ಆದರೆ ಅಳತೆಯಲ್ಲಿ ಕಾಣುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ದೂರ ಒಂದೇ ಕಾರಣವಲ್ಲ.

ಎರಡು ಸಲ ಏರುವುದಕ್ಕೆ ಕಾರಣವೇನು ಎಂಬ ವಾದ ಇವತ್ತಿಗೂ ಮುಗಿದಿಲ್ಲ. 1998ರಲ್ಲಿ ವಿಜ್ಞಾನಿ ಟಿಮ್ ಫುಲ್ಲರ್-ರೋವೆಲ್ ಒಂದು ಸೊಗಸಾದ ವಿವರಣೆ ಕೊಟ್ಟರು. ಅದಕ್ಕೆ ಥರ್ಮೋಸ್ಫಿಯರ್‌ನ ಚಮಚ ಎಂಬ ಹೆಸರೇ ನಿಂತಿತು. ಜೂನ್-ಜುಲೈ ಮತ್ತು ಡಿಸೆಂಬರ್-ಜನವರಿಯಲ್ಲಿ ಬೇಸಿಗೆಯಿಂದ ಚಳಿಗಾಲದ ಕಡೆಗೆ ಬೀಸುವ ಗಾಳಿ ಜೋರು. ಅದು ಇಡೀ ಥರ್ಮೋಸ್ಫಿಯರ್ ಅನ್ನು ದೊಡ್ಡ ಚಮಚದಂತೆ ಕಲಕುತ್ತದೆ. ಬೇರ್ಪಟ್ಟಿದ್ದ ಭಾರದ ಅನಿಲ ಮೇಲಕ್ಕೂ ಹಗುರ ಅನಿಲ ಕೆಳಕ್ಕೂ ಹೋಗಿ ಬೆರೆಯುತ್ತವೆ. ಬೆರೆತ ಗಾಳಿಯ ಸರಾಸರಿ ತೂಕ ಜಾಸ್ತಿ, ಹಾಗಾಗಿ ಅದು ಕುಗ್ಗಿ ಕೂರುತ್ತದೆ. 400 ಕಿಲೋಮೀಟರ್ ಎತ್ತರದಲ್ಲಿ ಉಳಿಯುವುದು ಕಡಿಮೆ. ಹಗಲು ರಾತ್ರಿ ಸಮನಾಗುವ ಮಾರ್ಚ್, ಸೆಪ್ಟೆಂಬರ್ ಹೊತ್ತಿಗೆ ಎರಡೂ ಗೋಳಾರ್ಧಕ್ಕೆ ಬಿಸಿಲು ಸಮ. ಗಾಳಿ ಸಪ್ಪಗಾಗುತ್ತದೆ, ಕಲಕುವುದು ನಿಲ್ಲುತ್ತದೆ. ಅನಿಲಗಳು ಮತ್ತೆ ಬೇರ್ಪಡುತ್ತವೆ, ಒಂಟಿ ಆಮ್ಲಜನಕ ಮೇಲಕ್ಕೆ ಹರಡುತ್ತದೆ, ಮೇಲೆ ದಟ್ಟಣೆ ಏರುತ್ತದೆ.

ಇನ್ನೊಂದು ಗುಂಪಿನವರು ಕಲಕುವ ಕೈ ಕೆಳಗಿದೆ ಎನ್ನುತ್ತಾರೆ. ಅವರ ಪ್ರಕಾರ ಮುಖ್ಯವಾದದ್ದು ಆ 100 ಕಿಲೋಮೀಟರ್ ಗಡಿಯ ಹತ್ತಿರದ ಸಣ್ಣ ಸುಳಿಗಳು. ಮೇಲೇರಿ ಬರುವ ಗುರುತ್ವದ ಅಲೆಗಳು ಋತುವಿಗೆ ತಕ್ಕಂತೆ ಹೆಚ್ಚು ಕಡಿಮೆ ಒಡೆಯುತ್ತವೆ, ಗಡಿಯಲ್ಲಿ ಕಲಕುವುದೂ ಹೆಚ್ಚು ಕಡಿಮೆಯಾಗುತ್ತದೆ. ಹೆಚ್ಚು ಕಲಕಿದಾಗ ಒಂಟಿ ಆಮ್ಲಜನಕ ಬೇಗ ಕೆಳಕ್ಕೆ ಇಳಿದು ಕಳೆದುಹೋಗುತ್ತದೆ. ಕಂಪ್ಯೂಟರ್ ಮಾದರಿಗಳಲ್ಲಿ ಎರಡೂ ವಾದಕ್ಕೆ ಬೆಂಬಲ ಸಿಕ್ಕಿದೆ. ಚಮಚವೇ ಮುಖ್ಯ ಎನ್ನುವ ಮಾದರಿಗಳಿವೆ, ಸುಳಿಗಳಿಲ್ಲದೆ ಅಳತೆಗೆ ಹೊಂದುವುದಿಲ್ಲ ಎನ್ನುವವೂ ಇವೆ.

ಚಮಚದ ವಾದ ಬಲವಾಗಿಯೇ ಇದೆ. ವರ್ಷಕ್ಕೆ ಎರಡು ಏರಿಕೆ ಎಂಬ ಆಕಾರವನ್ನು ಅದು ಯಾವ ಒತ್ತಾಯವೂ ಇಲ್ಲದೆ ತಾನಾಗಿಯೇ ಕೊಡುತ್ತದೆ. ಆದರೆ ಕೆಳಗಿನ ಅಲೆಗಳನ್ನು ಲೆಕ್ಕದಿಂದ ಬಿಡುವಂತಿಲ್ಲ. ಇದು ಬರೀ ಪಂಡಿತರ ಜಗಳವಲ್ಲ ಎಂಬುದೂ ಮುಖ್ಯ. ಕಲಕುವ ಕೈ ಕೆಳಗಿದ್ದರೆ, ನೆಲದ ಹತ್ತಿರದ ಹವಾಮಾನ ಬದಲಾದಾಗ ಉಪಗ್ರಹಗಳ ಎತ್ತರದ ಋತುಚಕ್ರವೂ ಬದಲಾಗಬಹುದು.

ಸೂರ್ಯನ ಬಿರುಗಾಳಿಗೂ ಋತು ಇದೆ

ಇಲ್ಲಿ ಇನ್ನೊಂದು ಗೊಂದಲ ಸೇರಿಕೊಳ್ಳುತ್ತದೆ. ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುವ ಬಿರುಗಾಳಿಗಳೂ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಜಾಸ್ತಿ. 1973ರಲ್ಲಿ ರಸೆಲ್ ಮತ್ತು ಮ್ಯಾಕ್‌ಫೆರನ್ ಎಂಬ ವಿಜ್ಞಾನಿಗಳು ಇದಕ್ಕೆ ಕಾರಣ ತೋರಿಸಿದರು. ಆ ತಿಂಗಳುಗಳಲ್ಲಿ ಭೂಮಿಯ ಅಕ್ಷ ವಾಲಿರುವ ರೀತಿಯಿಂದ ಸೂರ್ಯನ ಗಾಳಿ (ಸೂರ್ಯನಿಂದ ಸದಾ ಹೊರಹರಿಯುವ ಕಣಗಳ ಪ್ರವಾಹ) ಹೊತ್ತು ತರುವ ಕಾಂತಕ್ಷೇತ್ರ ಭೂಮಿಯ ಕ್ಷೇತ್ರದ ಎದುರು ದಿಕ್ಕಿಗೆ ಬರುವುದು ಸುಲಭ. ಎದುರು ದಿಕ್ಕಾದರೆ ಎರಡೂ ಬೆಸೆದುಕೊಳ್ಳುತ್ತವೆ, ಶಕ್ತಿ ಒಳನುಗ್ಗುತ್ತದೆ, ಮೇಲಿನ ಗಾಳಿ ಕಾದು ಉಬ್ಬುತ್ತದೆ.

ಹಾಗಾದರೆ ದಟ್ಟಣೆ ಏರುವುದೂ ಇದರಿಂದಲೇ ಇರಬಹುದಲ್ಲವೇ? ಇಲ್ಲ. ಕಾಂತಕ್ಷೇತ್ರ ಪೂರ್ತಿ ಶಾಂತವಾಗಿರುವ ದಿನಗಳನ್ನೇ ಆರಿಸಿ ನೋಡಿದರೂ ಏಪ್ರಿಲ್, ಅಕ್ಟೋಬರ್ ಏರಿಕೆ ಉಳಿಯುತ್ತದೆ. ಎರಡು ಬೇರೆ ಬೇರೆ ಕಾರಣಗಳು ಒಂದೇ ಕಾಲಕ್ಕೆ ಬಂದು ಕೂಡುತ್ತವೆ. ಬಿರುಗಾಳಿ ಬಂದಾಗ ಗಾಳಿ ಮೊದಲೇ ಉಬ್ಬಿಕೊಂಡಿರುತ್ತದೆ.

ಉಪಗ್ರಹಗಳನ್ನು ಬೀಳಿಸಲು ಬಿರುಗಾಳಿ ತೀರಾ ಜೋರಾಗಿರಬೇಕೆಂದೂ ಇಲ್ಲ. 2022ರ ಫೆಬ್ರವರಿಯಲ್ಲಿ ಸ್ಪೇಸ್‌ಎಕ್ಸ್ ಒಂದೇ ಸಲ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ನಾಶವಾದವು. ಅವು ಆಗ ಸುಮಾರು 210 ಕಿಲೋಮೀಟರ್ ಎತ್ತರದಲ್ಲಿದ್ದವು. ಬಂದದ್ದು ಸಾಧಾರಣ ಬಿರುಗಾಳಿ. ಆದರೂ ಗಾಳಿಯ ಅಡ್ಡಿ ಹಿಂದಿನ ಹಾರಾಟಗಳಿಗಿಂತ ಶೇಕಡ 50ರವರೆಗೆ ಏರಿತ್ತು ಎಂದು ಕಂಪನಿ ಹೇಳಿತು.

ನಿಧಾನವಾಗಿ ಕುಗ್ಗುವ ಕಥೆ

ಇನ್ನು ಎರಡನೇ ಸುದ್ದಿ. ಕೆಳಗೆ ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್ ಮೇಲೆ ತಣ್ಣಗೆ ಮಾಡುತ್ತದೆ. ಕೆಳಗೆ ಗಾಳಿ ದಟ್ಟ. ಒಂದು ಅಣು ಹೊರಬಿಟ್ಟ ಶಾಖವನ್ನು ಪಕ್ಕದ ಅಣು ಹೀರಿಕೊಳ್ಳುತ್ತದೆ, ಶಾಖ ಅಲ್ಲೇ ಸುತ್ತುತ್ತದೆ. ಮೇಲೆ ಗಾಳಿ ತೆಳು. ಅಲ್ಲಿ ಈ ಅಣು ಬೇರೆಯವುಗಳಿಗೆ ಡಿಕ್ಕಿ ಹೊಡೆದು ಪಡೆದ ಶಾಖವನ್ನು ಹೊರಬಿಟ್ಟರೆ ಅದು ಸೀದಾ ಬಾಹ್ಯಾಕಾಶಕ್ಕೆ ಹೋಗುತ್ತದೆ. ಅಣುಗಳು ಜಾಸ್ತಿಯಾದಷ್ಟೂ ತಂಪು ಜಾಸ್ತಿ. 1989ರಲ್ಲಿ ರೋಬಲ್ ಮತ್ತು ಡಿಕಿನ್ಸನ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದ್ದರು: ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಇಮ್ಮಡಿಯಾದರೆ ಥರ್ಮೋಸ್ಫಿಯರ್ ಸುಮಾರು 50 ಡಿಗ್ರಿ ತಣ್ಣಗಾಗುತ್ತದೆ. ಉಪಗ್ರಹಗಳ ಹಳೆಯ ಕಕ್ಷೆಗಳನ್ನು ಪರೀಕ್ಷಿಸಿದಾಗ, 400 ಕಿಲೋಮೀಟರ್ ಆಸುಪಾಸಿನಲ್ಲಿ ದಟ್ಟಣೆ 10 ವರ್ಷಕ್ಕೆ ಶೇಕಡ 2ರಿಂದ 5ರಷ್ಟು ಇಳಿಯುತ್ತಿರುವುದು ಕಂಡಿದೆ.

ಸೂರ್ಯ ಉಗ್ರವಾಗಿ ಮತ್ತೆ ಶಾಂತವಾಗುವ ಸುಮಾರು 11 ವರ್ಷದ ಚಕ್ರದಲ್ಲಿ ಅದೇ ಎತ್ತರದ ದಟ್ಟಣೆ ಹತ್ತು ಪಟ್ಟಿನವರೆಗೂ ಏರಿಳಿಯುತ್ತದೆ. ಋತುಗಳಿಂದ ಒಂದೂವರೆ ಪಟ್ಟು. ಇವುಗಳ ಮುಂದೆ ದಶಕಕ್ಕೆ ಕೆಲವು ಶೇಕಡ ಎಂದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಮುಂದಿನ ವಾರ ಯಾವ ತುಣುಕು ಎಲ್ಲಿ ಬೀಳುತ್ತದೆ ಎಂದು ಹೇಳಬೇಕಾದವರಿಗೆ ಅದು ನಿಜಕ್ಕೂ ಸಣ್ಣ ಸಂಖ್ಯೆ. ಆದರೆ ಋತು ಹೋಗಿ ಮತ್ತೆ ಬರುತ್ತದೆ, ಸೂರ್ಯನ ಚಕ್ರವೂ ಹಾಗೆಯೇ. ಈ ಇಳಿಕೆ ಒಂದೇ ದಿಕ್ಕಿನದು, ವರ್ಷ ವರ್ಷಕ್ಕೂ ಕೂಡುತ್ತಾ ಹೋಗುವಂಥದ್ದು. ಆದ್ದರಿಂದ ಇದನ್ನು ಸಣ್ಣದೆಂದು ಬದಿಗಿಡುವುದು ತಪ್ಪು.

ಋತುವನ್ನು ಮರೆತರೆ ಎಡವುವುದೂ ಇಲ್ಲೇ. ಒಂದು ವರ್ಷದ ಅಕ್ಟೋಬರ್ ಅನ್ನು ಇನ್ನೊಂದು ವರ್ಷದ ಜುಲೈ ಜೊತೆ ಹೋಲಿಸಿದರೆ ತಮಗೆ ಬೇಕಾದ ಯಾವ ತೀರ್ಮಾನವಾದರೂ ಸಿಗುತ್ತದೆ. ಯಾವ ತಿಂಗಳಲ್ಲಿ, ಸೂರ್ಯನ ಚಕ್ರದ ಯಾವ ಹಂತದಲ್ಲಿ ಅಳೆದದ್ದು ಎಂದು ಹೇಳದ ಸಂಖ್ಯೆಗೆ ಬೆಲೆಯಿಲ್ಲ.

ಯಾರಿಗೆ ಏನು ಪರಿಣಾಮ

ಗಾಳಿಯ ಅಡ್ಡಿಗೆ ಎರಡು ಮುಖ. ಕೆಲಸ ಮಾಡುತ್ತಿರುವ ಉಪಗ್ರಹಕ್ಕೆ ಅದು ತೊಂದರೆ, ಕಕ್ಷೆ ಉಳಿಸಿಕೊಳ್ಳಲು ಇಂಧನ ಸುಡಬೇಕು. ಸತ್ತ ಉಪಗ್ರಹಗಳ ವಿಷಯದಲ್ಲಿ ಅದೇ ನಮ್ಮ ಕಸಗುಡಿಸುವ ಕೈ. ಅದೇ ಎಳೆದು ಕೆಳಗೆ ತಂದು ಸುಡುತ್ತದೆ. ಗಾಳಿ ತೆಳುವಾದರೆ ಮೊದಲನೆಯವರಿಗೆ ಉಳಿತಾಯ, ಆದರೆ ಕಸ ಜಾಸ್ತಿ ದಿನ ಸುತ್ತುತ್ತದೆ, ಡಿಕ್ಕಿಯ ಭಯ ಏರುತ್ತದೆ. 2025ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಲೆಕ್ಕದ ಪ್ರಕಾರ, ಹಸಿರುಮನೆ ಅನಿಲಗಳು ಏರುತ್ತಲೇ ಹೋದರೆ 2100ರ ಹೊತ್ತಿಗೆ ಕೆಳಗಿನ ಕಕ್ಷೆಗಳು ಸುರಕ್ಷಿತವಾಗಿ ಹೊರಬಲ್ಲ ಉಪಗ್ರಹಗಳ ಸಂಖ್ಯೆ ಶೇಕಡ 50ರಿಂದ 66ರಷ್ಟು ಕುಗ್ಗಬಹುದು. ಕುಗ್ಗುವಿಕೆ ಎದ್ದು ಕಾಣುವುದು ಸೂರ್ಯ ಶಾಂತವಾಗಿರುವ ವರ್ಷಗಳಲ್ಲಿ. ಹಾಗಾಗಿ ಕಸ ಬೀಳುವ ಕೆಲಸ ಸೂರ್ಯ ಉಗ್ರವಾಗಿರುವ ವರ್ಷಗಳಿಗೇ ಇನ್ನಷ್ಟು ಸೀಮಿತವಾಗುತ್ತದೆ.

ಕಡಿಮೆ ಚರ್ಚೆಯಾಗುವ ಇನ್ನೊಂದು ಪರಿಣಾಮವಿದೆ. ಸುಟ್ಟುಹೋದ ಉಪಗ್ರಹ ಮಾಯವಾಗುವುದಿಲ್ಲ, ಲೋಹದ ಹುಡಿಯಾಗಿ ಅಲ್ಲೇ ಉಳಿಯುತ್ತದೆ. ಆ ಹುಡಿ ಬೀಳುವುದು ಬೇಸಿಗೆಯಿಂದ ಚಳಿಗಾಲದ ಧ್ರುವಕ್ಕೆ ಸಾಗುವ ಅದೇ ಗಾಳಿಯ ದಾರಿಗೆ. ಉಲ್ಕೆಗಳ ಹುಡಿ ಯಾವತ್ತಿನಿಂದಲೂ ಹೋಗುತ್ತಿರುವುದು ಇದೇ ದಾರಿಯಲ್ಲಿ. ಚಳಿಗಾಲದ ಧ್ರುವದಲ್ಲಿ ಗಾಳಿ ಇಳಿಯುವಾಗ ಅದೂ ಸ್ಟ್ರಾಟೋಸ್ಫಿಯರ್‌ಗೆ ಇಳಿಯುತ್ತದೆ. ಓಝೋನ್ ಇರುವುದು ಅಲ್ಲೇ. 2023ರಲ್ಲಿ ವಿಮಾನದಿಂದ ಮಾಡಿದ ಅಳತೆಗಳಲ್ಲಿ, ಸ್ಟ್ರಾಟೋಸ್ಫಿಯರ್‌ನ ದೊಡ್ಡ ಗಾತ್ರದ ಗಂಧಕಾಮ್ಲದ ಕಣಗಳಲ್ಲಿ ಸುಮಾರು ಶೇಕಡ 10ರಲ್ಲಿ ಅಲ್ಯೂಮಿನಿಯಂ ಮತ್ತು ರಾಕೆಟ್, ಉಪಗ್ರಹಗಳಿಂದ ಬಂದ ಇತರ ಲೋಹಗಳು ಕಂಡವು. ಮುಂದಿನ ವರ್ಷಗಳಲ್ಲಿ ಹಾರುವ ಉಪಗ್ರಹಗಳ ಸಂಖ್ಯೆ ನೋಡಿದರೆ ಈ ಪಾಲು ಏರುವುದು ಖಚಿತ. ಅದು ಓಝೋನ್‌ಗೆ ಏನು ಮಾಡುತ್ತದೆ ಎಂಬುದು ಈಗ ತುರ್ತಾಗಿ ಉತ್ತರ ಬೇಕಾದ ಪ್ರಶ್ನೆ.

ಈ ಉತ್ತರಕ್ಕಾಗಿ ನೋಡಬೇಕಾದ, ಉಪಗ್ರಹಗಳು ಸುಟ್ಟುಹೋಗುವ ಎತ್ತರವೇ ಅಳೆಯಲು ಕಷ್ಟವಾದದ್ದು. ಬಲೂನುಗಳು ಹೆಚ್ಚೆಂದರೆ 40-50 ಕಿಲೋಮೀಟರ್ ಏರುತ್ತವೆ. ಉಪಗ್ರಹಗಳು ಅಷ್ಟು ಕೆಳಗೆ ನಿಲ್ಲಲಾರವು. ಸಣ್ಣ ರಾಕೆಟ್‌ಗಳು ಕೆಲವು ನಿಮಿಷ ಮಾತ್ರ ಅಲ್ಲಿರುತ್ತವೆ. ಉಳಿದದ್ದು ಮೇಲಿನಿಂದ ಇಣುಕಿ ನೋಡುವ ಉಪಕರಣಗಳು. ನಾಸಾದ ಟೈಮ್ಡ್ ಉಪಗ್ರಹ 2001ರ ಡಿಸೆಂಬರ್‌ನಲ್ಲಿ ಹಾರಿತು, ಎರಡು ದಶಕಕ್ಕೂ ಜಾಸ್ತಿ ದುಡಿಯಿತು. ಮೇಲಿನ ಗಾಳಿಯ ತಂಪಿನ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟು ಅದರಿಂದ ಬಂದದ್ದು. 2019ರಲ್ಲಿ ಹಾರಿದ ಐಕಾನ್ 2022ರ ನವೆಂಬರ್‌ನಲ್ಲಿ ಸಂಪರ್ಕ ಕಳೆದುಕೊಂಡಿತು. ಹೊಳೆಯುವ ಮೋಡಗಳನ್ನು ನೋಡುತ್ತಿದ್ದ ಏಮ್ 2023ರಲ್ಲಿ ನಿಂತಿತು. ಉಪಗ್ರಹಗಳ ದಟ್ಟಣೆ ಹಿಂದೆಂದಿಗಿಂತ ವೇಗವಾಗಿ ಏರುತ್ತಿರುವ ಈ ಹೊತ್ತಿನಲ್ಲೇ, ಅವು ಉರಿದು ಬೀಳುವ ಪದರವನ್ನು ಋತು ಋತುವಿಗೂ ನೋಡುತ್ತಿದ್ದ ಕಣ್ಣುಗಳು ಒಂದೊಂದಾಗಿ ಮುಚ್ಚುತ್ತಿವೆ.